ಮಗಳಿಗೆ ಕೆಲಸ ಸಿಕ್ಕರೆ ಮಗನ ಪಿಂಚಣಿ ನಿಲ್ಲುತ್ತದೆಯೇ?

ಪ್ರಶ್ನೆ: ನನಗೆ ಗೃಹಲಕ್ಷ್ಮಿ ಮತ್ತು ವಿಧವಾ ವೇತನ ಬರುತ್ತಿದೆ. ಮಗನಿಗೆ ಸೆರೆಬ್ರಲ್ ಪಾಲ್ಸಿ, ಶೇ 80ರಷ್ಟು ಅಂಗವಿಕಲತೆ ಎಂದು ಕಾರ್ಡ್ ಕೊಟ್ಟಿದ್ದಾರೆ. ಅವನ ಸ್ನಾನ, ಊಟ ಎಲ್ಲ ನನ್ನ ಕೈಯಲ್ಲೇ, ಕೂಲಿಗೆ ಹೋಗಲು ಆಗುವುದಿಲ್ಲ. ಮಗಳು ಬಿ.ಕಾಂ. ಮುಗಿಸಿ ಮನೆಯಲ್ಲಿದ್ದಾಳೆ. ಅವಳ ಹೆಸರಲ್ಲಿ ಯುವನಿಧಿ ಹಾಕಿದರೆ ಉಳಿದದ್ದಕ್ಕೆಲ್ಲ ಕತ್ತರಿ ಬೀಳುತ್ತದೆ ಎಂದು ಊರಲ್ಲಿ ಹೆದರಿಸುತ್ತಿದ್ದಾರೆ. ನಾಳೆ ಕೆಲಸವೇ ಸಿಕ್ಕರೆ ಬಿಪಿಎಲ್ ಕಾರ್ಡ್ ಹೋಗುತ್ತದೆ, ಮಗನ ಪಿಂಚಣಿಯೂ ಹೋಗುತ್ತದೆ ಅನ್ನುತ್ತಾರೆ. ಯಾವುದು ನಿಜ?

ಉತ್ತರ: ಯುವನಿಧಿಯ ವಿಷಯದಲ್ಲಿ ಹೆದರಬೇಡಿ ತಾಯೀ, ಅರ್ಜಿ ಹಾಕಿಸಿ. ಕೆಲಸದ ವಿಷಯದಲ್ಲಿ ಊರವರು ಹೇಳುವುದು ಪೂರ್ತಿ ಸುಳ್ಳಲ್ಲ. ಹೆಸರು, ಊರು ಬೇರೆಯಾದರೂ ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿರುವುದರಿಂದ ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ.

ನಿಮ್ಮ ಮನೆಗೆ ಬರುವ ದುಡ್ಡು ಒಂದೇ ಕೊಳವೆಯಿಂದ ಬರುವುದಲ್ಲ. ಗೃಹಲಕ್ಷ್ಮಿಯ 2,000 ರೂಪಾಯಿ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯದು. ನಿಮ್ಮ ವಿಧವಾ ವೇತನ 800, ಮಗನ ಅಂಗವಿಕಲ ವೇತನ 1,400, ಇವೆರಡೂ ಕಂದಾಯ ಇಲಾಖೆಯವು. ಯುವನಿಧಿ ಕೌಶಲ್ಯಾಭಿವೃದ್ಧಿ ಇಲಾಖೆಯದು, ಪದವಿ ಮುಗಿಸಿದವರಿಗೆ 3,000, ಡಿಪ್ಲೊಮಾದವರಿಗೆ 1,500. ಅಕ್ಕಿ ಆಹಾರ ಇಲಾಖೆಯದು. ಒಂದೊಂದಕ್ಕೂ ಬೇರೆ ಬೇರೆ ಷರತ್ತು. ಒಬ್ಬರಿಗೆ ಒಂದೇ ಸಾಮಾಜಿಕ ಭದ್ರತಾ ಪಿಂಚಣಿ ಎಂಬುದು ನಿಜ. ಆದರೆ ಅದು ಒಬ್ಬ ವ್ಯಕ್ತಿಗೆ ಹೇಳಿದ ಮಾತು, ಒಂದು ಮನೆಗಲ್ಲ. ನಿಮ್ಮದು ನಿಮಗೆ, ಮಗನದು ಮಗನಿಗೆ. ಪಿಂಚಣಿ ಪಡೆಯುವವರಿಗೂ ಗೃಹಲಕ್ಷ್ಮಿ ಕೊಡುತ್ತೇವೆ ಎಂದು ಯೋಜನೆ ಘೋಷಿಸಿದಾಗಲೇ ಸರ್ಕಾರ ಹೇಳಿತ್ತು.

ಯುವನಿಧಿಗೆ ಮನೆಯ ಆದಾಯದ ಮಿತಿಯೇ ಇಲ್ಲ. 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಚಾಲನೆ ಕೊಟ್ಟ ಈ ಯೋಜನೆ ನೋಡುವುದು ಅಭ್ಯರ್ಥಿಯನ್ನು ಮಾತ್ರ: 2022-23ರಲ್ಲಿ ಅಥವಾ ಆಮೇಲೆ ಪಾಸಾಗಿರಬೇಕು, ಪಾಸಾಗಿ 180 ದಿನ ಕಳೆದರೂ ಕೆಲಸ ಸಿಕ್ಕಿರಬಾರದು, ಮುಂದಕ್ಕೆ ಓದುತ್ತಿರಬಾರದು. ಈ ಕೊನೆಯದನ್ನು ಬಹಳ ಮಕ್ಕಳು ಮರೆಯುತ್ತಾರೆ. ಕೆಲಸ ಸಿಗಲಿಲ್ಲವೆಂದು ಎಂ.ಕಾಂ.ಗೋ ಬಿ.ಇಡಿ.ಗೋ ಸೇರಿದ ದಿನವೇ ಅರ್ಹತೆ ಮುಗಿಯಿತು. ಇನ್ನೂ ನಿರುದ್ಯೋಗಿಯೇ ಎಂಬ ಸ್ವಯಂ ಘೋಷಣೆಯನ್ನು ಹೇಳಿದ ದಿನದೊಳಗೆ ಸೇವಾ ಸಿಂಧುವಿನಲ್ಲಿ ಕೊಡುತ್ತಿರಬೇಕು, ತಪ್ಪಿದರೆ ಹಣ ನಿಲ್ಲುತ್ತದೆ. ಹೆಚ್ಚೆಂದರೆ 24 ತಿಂಗಳು, ಇಲ್ಲವೇ ಕೆಲಸ ಸಿಗುವವರೆಗೆ. ಕೆಲಸಕ್ಕೆ ಸೇರಿಯೂ ಘೋಷಣೆ ಕೊಡುತ್ತ ಹೋಗುವ ಜಾಣತನ ಬೇಡ.

ಇನ್ನು ಕೆಲಸದ ಮಾತು. ನಿಮ್ಮ ಭಯದ ಬೇರು ಇರುವುದು ಇಲ್ಲಿ.

ಬಿಪಿಎಲ್ ಕಾರ್ಡಿಗೆ ಮನೆಯ ವಾರ್ಷಿಕ ವರಮಾನದ ಮಿತಿ 1,20,000. ಎಂದರೆ ತಿಂಗಳಿಗೆ 10,000. ಬಿ.ಕಾಂ. ಓದಿದ ಹುಡುಗಿ ಯಾವುದೋ ಅಂಗಡಿಯಲ್ಲಿ ಲೆಕ್ಕ ಬರೆಯಲು ಸೇರಿ 12,000 ತಂದರೂ ಕಾಗದದ ಮೇಲೆ ನೀವು ಬಡವರಲ್ಲ. ಪಿಂಚಣಿಯ ಮಿತಿ ಇನ್ನೂ ಕೆಳಗಿದೆ: ವರ್ಷಕ್ಕೆ 32,000. ತಿಂಗಳಿಗೆ ಹಾಕಿದರೆ 2,700 ರೂಪಾಯಿಯೂ ಇಲ್ಲ. 2025-26ರಲ್ಲಿ ರಾಜ್ಯದ ನರೇಗಾ ಕೂಲಿ ದಿನಕ್ಕೆ 370 ಇತ್ತು. ಆಗ ಕಾನೂನು ಕೊಟ್ಟಿದ್ದ ನೂರು ದಿನವನ್ನೂ ಒಬ್ಬರು ದುಡಿದಿದ್ದರೆ 37,000. ಸರ್ಕಾರ ಕೊಟ್ಟ ಕೆಲಸವನ್ನು ಪ್ರಾಮಾಣಿಕವಾಗಿ ಮುಗಿಸಿದವರೇ ಸರ್ಕಾರದ ಲೆಕ್ಕದಲ್ಲಿ ಪಿಂಚಣಿಗೆ ಅನರ್ಹರಾಗುವ ವಿಚಿತ್ರ ಇದು. ಅದಕ್ಕೇ ಊರೂರಲ್ಲಿ ವರಮಾನ ಪ್ರಮಾಣಪತ್ರಗಳಲ್ಲಿ ಎಲ್ಲರ ವರಮಾನವೂ ಹನ್ನೊಂದೋ ಹದಿನೈದೋ ಸಾವಿರಕ್ಕೆ ಬಂದು ನಿಂತಿರುತ್ತದೆ. ಸುಳ್ಳು ಹೇಳುವುದು ಜನರ ಚಟವಲ್ಲ, ಮಿತಿಯೇ ಹೇಳಿಸುತ್ತದೆ.

ಹಾಗಾದರೆ ಮಗಳು ಸೇರಿದ ಮರುದಿನವೇ ಎಲ್ಲ ನಿಲ್ಲುತ್ತದೆಯೇ? ಇಲ್ಲ. ಗೃಹಲಕ್ಷ್ಮಿಗೆ ಅಪಾಯವೇ ಇಲ್ಲ. ಅದು ಎಪಿಎಲ್ ಕಾರ್ಡಿನ ಯಜಮಾನಿಗೂ ಬರುತ್ತದೆ. ಅಡ್ಡಿಯಾಗುವುದು ಯಜಮಾನಿ ಅಥವಾ ಆಕೆಯ ಗಂಡ ಆದಾಯ ತೆರಿಗೆ ಕಟ್ಟುವವರೋ ಜಿಎಸ್‌ಟಿ ರಿಟರ್ನ್ಸ್ ಸಲ್ಲಿಸುವವರೋ ಆದಾಗ. ಮಗಳ ಸಂಬಳ ಆ ಲೆಕ್ಕಕ್ಕೆ ಬರುವುದಿಲ್ಲ. ಪಿಂಚಣಿಗೆ ಕೊಟ್ಟ ವರಮಾನ ಪತ್ರಕ್ಕೆ ಐದು ವರ್ಷದ ಅವಧಿ ಇರುತ್ತದೆ, ಪ್ರಶ್ನೆ ಏಳುವುದು ಪರಿಶೀಲನೆಗೆ ಬಂದಾಗ. ಕಾರ್ಡಿನ ತನಿಖೆಯೇ ಬೇರೆ. 2024ರ ನವೆಂಬರ್‌ನಲ್ಲಿ ಬಿಪಿಎಲ್ ಕಾರ್ಡುಗಳು ಒಟ್ಟೊಟ್ಟಿಗೆ ರದ್ದಾಗಿ ಗಲಾಟೆಯಾದದ್ದು ನಿಮಗೆ ನೆನಪಿರಬಹುದು. ಸರ್ಕಾರಿ ನೌಕರರು, ಆದಾಯ ತೆರಿಗೆ ಕಟ್ಟುವವರು ಬಿಟ್ಟರೆ ಉಳಿದವರ ಕಾರ್ಡ್ ವಾಪಸ್ ಕೊಡಿ ಎಂದು ಮುಖ್ಯಮಂತ್ರಿಯೇ ಹೇಳಬೇಕಾಯಿತು. ಆಗ ಸಿಕ್ಕಿಬಿದ್ದವರಲ್ಲಿ ಬ್ಯಾಂಕ್ ಸಾಲಕ್ಕಾಗಿ ರಿಟರ್ನ್ಸ್ ಹಾಕಿದವರೂ ಇದ್ದರು. ಒಂದು ರೂಪಾಯಿ ತೆರಿಗೆ ಕಟ್ಟದಿದ್ದರೂ ಕಂಪ್ಯೂಟರಿಗೆ ಅವರು ತೆರಿಗೆದಾರರು. ಮಗಳಿಗೆ ಮೊದಲ ಸಂಬಳ ಬಂದಾಗ ಟಿಡಿಎಸ್ ಎಂದು ಮುಂಚಿತವಾಗಿಯೇ ತೆರಿಗೆ ಹಿಡಿದರೆ ಅದನ್ನು ವಾಪಸ್ ಪಡೆಯಲು ರಿಟರ್ನ್ಸ್ ಹಾಕಲೇಬೇಕು, ಹಾಕಲಿ. ಅದರ ಒಂದು ಪ್ರತಿ, ತೆರಿಗೆ ಸೊನ್ನೆ ಎಂದು ತೋರಿಸುವ ಪುಟ, ಮನೆಯಲ್ಲಿರಲಿ. ನೋಟಿಸ್ ಬಂದರೆ ಆಹಾರ ನಿರೀಕ್ಷಕರ ಮೇಜಿನ ಮೇಲೆ ಇಡಲು ಬೇಕಾಗುತ್ತದೆ.

ನನ್ನನ್ನು ಕೇಳಿದರೆ, ಅಕ್ಕಿ ಮತ್ತು 1,400 ಉಳಿಸಿಕೊಳ್ಳಲು ಯಾರೂ 12,000ದ ಕೆಲಸ ಬಿಡಬಾರದು. ಆದರೆ ಆರು ತಿಂಗಳಿಗೇ ಮುಚ್ಚಿಹೋಗಬಹುದಾದ ಕೆಲಸವನ್ನು ನಂಬಿ, ಮತ್ತೆ ಪಡೆಯಲು ವರ್ಷಗಟ್ಟಲೆ ಅಲೆಯಬೇಕಾದ ಕಾರ್ಡನ್ನು ಕಳೆದುಕೊಳ್ಳುವ ತಾಯಿಯ ಅಂಜಿಕೆಯನ್ನು ಮೂರ್ಖತನ ಎನ್ನಲಾರೆ.

ನೀವು ಕೇಳದೇ ಬಿಟ್ಟದ್ದು ನಿಮ್ಮದೇ ವಿಷಯ. ಮಗನನ್ನು ನೋಡಿಕೊಳ್ಳುವ ನಿಮಗೆ ಏನು? ನಮ್ಮಲ್ಲಿ ಇದನ್ನು ಯಾರೂ ಕೆಲಸ ಎಂದು ಎಣಿಸಿರಲಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 24ನೇ ಸೆಕ್ಷನ್, ಹೆಚ್ಚಿನ ನೆರವು ಬೇಕಾದವರಿಗೆ ಆರೈಕೆದಾರರ ಭತ್ಯೆ ಎಂಬ ಮಾತನ್ನು ಮೊದಲ ಸಲ ಕಾನೂನಿಗೆ ತಂದಿತು. ಕೇರಳದಲ್ಲಿ ಆಶ್ವಾಸಕಿರಣಂ ಹೆಸರಲ್ಲಿ ತಿಂಗಳಿಗೆ 600 ಕೊಡುವ ಯೋಜನೆ ಅದಕ್ಕೂ ಮೊದಲೇ ಇತ್ತು. ನಮ್ಮ ರಾಜ್ಯದ 2024-25ರ ಬಜೆಟ್ಟಿನಲ್ಲಿ ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೋಫಿ, ಪಾರ್ಕಿನ್ಸನ್, ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವವರ ಆರೈಕೆದಾರರಿಗೆ ತಿಂಗಳಿಗೆ 1,000 ಎಂದು ಘೋಷಣೆಯಾಯಿತು. ನಿಮ್ಮ ಮಗನ ತೊಂದರೆ ಆ ಪಟ್ಟಿಯ ಮೊದಲ ಹೆಸರು. ನಿಮ್ಮ ಪಂಚಾಯಿತಿಯ ವಿಆರ್‌ಡಬ್ಲ್ಯು, ಅಂದರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಹಿಡಿದು ಅರ್ಜಿ ಕೊಡಿ, ಸ್ವೀಕೃತಿ ಕೇಳಿ ಪಡೆಯಿರಿ. ಸಾವಿರ ರೂಪಾಯಿ ಮೂರು ದಿನದ ನರೇಗಾ ಕೂಲಿಗೂ ಕಮ್ಮಿ, ನೀವು ದುಡಿಯುವುದು ಮೂವತ್ತು ದಿನ.

ಅದೇ ಸೆಕ್ಷನ್ನಿನಲ್ಲಿ ಇನ್ನೊಂದು ಮಾತೂ ಇದೆ: ಅಂಗವಿಕಲರಿಗೆ ಕೊಡುವ ನೆರವು ಅಂಥದೇ ಬೇರೆ ಯೋಜನೆಗಳಿಗಿಂತ ಕನಿಷ್ಠ ಶೇ 25ರಷ್ಟು ಹೆಚ್ಚಿರಬೇಕು. ಸಂಧ್ಯಾ ಸುರಕ್ಷಾದಲ್ಲಿ ವೃದ್ಧರಿಗೆ 1,200. ಅದರ ಮೇಲೆ ಕಾಲು ಭಾಗ ಸೇರಿಸಿದರೆ 1,500 ಆಗಬೇಕು. ನಿಮ್ಮ ಮಗನಿಗೆ ಬರುವುದು 1,400, ಅಂಗವಿಕಲತೆ ಶೇ 75ರೊಳಗೆ ಇರುವವರಿಗೆ ಬರೀ 800. ಕೇಂದ್ರದ ಪಾಲಂತೂ 300 ರೂಪಾಯಿ, 2012ರಿಂದ ಅಲ್ಲಾಡಿಲ್ಲ.

ಯುವನಿಧಿಗೆಂದು ಮಗಳು ಹೊಸ ಖಾತೆ ತೆರೆಯುವಾಗ ಒಂದು ಎಚ್ಚರ. ಸರ್ಕಾರದ ದುಡ್ಡು ಹೋಗುವುದು ಪಾಸ್‌ಬುಕ್ ನಂಬರ್ ನೋಡಿಕೊಂಡಲ್ಲ, ಆಧಾರಿಗೆ ಕೊನೆಯದಾಗಿ ಜೋಡಿಸಿದ ಖಾತೆಗೆ. ನೀವೋ ಮಗನೋ ಎಲ್ಲೋ ಹೊಸ ಖಾತೆಗೆ ಆಧಾರ್ ಕೊಟ್ಟು ಹೆಬ್ಬೆಟ್ಟು ಒತ್ತಿದ್ದರೆ, ಪಿಂಚಣಿ ನಿಂತಿತು ಎಂದು ನಾಡಕಚೇರಿಗೆ ಅಲೆಯುವ ಮೊದಲು ಆ ಖಾತೆ ನೋಡಿ.

ಮಗನ ವಯಸ್ಸು ಬರೆದಿಲ್ಲ. 18 ತುಂಬಿದ್ದರೆ, ಅವನ ಖಾತೆಯ ದುಡ್ಡು ತೆಗೆಯಲು ಬ್ಯಾಂಕಿನವರು ತಾಯಿ ಎಂದರೆ ಸಾಲದು ಎಂದು ಒಂದಲ್ಲ ಒಂದು ದಿನ ಹೇಳುತ್ತಾರೆ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆ ಸೆರೆಬ್ರಲ್ ಪಾಲ್ಸಿಯವರಿಗೂ ಅನ್ವಯಿಸುತ್ತದೆ. ಅದರಡಿ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಸ್ಥಳೀಯ ಸಮಿತಿ ನಿಮ್ಮನ್ನು ಕಾನೂನುಬದ್ಧ ಪೋಷಕರೆಂದು ನೇಮಿಸಿ ಪತ್ರ ಕೊಡುತ್ತದೆ, ಬ್ಯಾಂಕುಗಳು ಅದನ್ನು ಒಪ್ಪುತ್ತವೆ. ಅದೇ ನ್ಯಾಸದ ನಿರಾಮಯ ವಿಮೆಯಲ್ಲಿ ವರ್ಷಕ್ಕೆ 1 ಲಕ್ಷದವರೆಗೆ ಚಿಕಿತ್ಸೆ ವೆಚ್ಚ ಸಿಗುತ್ತದೆ. ಜಿಲ್ಲಾ ಕೇಂದ್ರಕ್ಕೆ ಹೋಗುವ ದಿನ ಎರಡಕ್ಕೂ ಒಟ್ಟಿಗೇ ಕಾಗದ ಒಯ್ಯಿರಿ. ಮಗಳಿಗೆ ಕೆಲಸ ಸಿಗುವ ಮೊದಲೇ ಹೋಗಿಬಂದರೆ ಒಳ್ಳೆಯದು, ಆ ದಿನ ಮಗನ ಹತ್ತಿರ ಕೂರಲು ಒಬ್ಬರು ಮನೆಯಲ್ಲಿರುತ್ತಾರೆ.