ಎಸ್‌ಎಸ್‌ಡಿ ಬೇಗ ಸವೆದುಹೋಗುತ್ತಂತೆ, ಹೌದೇ?

ಪ್ರಶ್ನೆ: ನನ್ನ ಲ್ಯಾಪ್‌ಟಾಪ್ ಏಳು ವರ್ಷ ಹಳೆಯದು, 1 ಟಿಬಿ ಹಾರ್ಡ್ ಡಿಸ್ಕ್ ಇದೆ. ಆನ್ ಮಾಡಿ ಕಾಫಿ ಕುಡಿದು ಬಂದರೂ ತೆರೆದುಕೊಂಡಿರುವುದಿಲ್ಲ. ಎಸ್‌ಎಸ್‌ಡಿ (ತಿರುಗುವ ತಟ್ಟೆಯ ಬದಲು ಚಿಪ್ಪಿನಲ್ಲಿ ಡೇಟಾ ಇಡುವ ಡ್ರೈವ್) ಹಾಕಿಸೋಣವೆಂದರೆ ಅಂಗಡಿಯವರು, ‘ಅದು ಬರೆದಷ್ಟೂ ಸವೆಯುತ್ತೆ, ಎರಡು ಮೂರು ವರ್ಷ ಬಂದರೆ ಹೆಚ್ಚು’ ಎನ್ನುತ್ತಾರೆ. ಬೆಲೆಯೂ ಜಾಸ್ತಿ. ಏನು ಮಾಡಲಿ?

ಹಾಕಿಸಿ. 480 ಅಥವಾ 500 ಜಿಬಿಯ, 2.5 ಇಂಚಿನ, ಹಾರ್ಡ್ ಡಿಸ್ಕಿನ ಜಾಗದಲ್ಲೇ ಕೂರುವ ಸಾಟಾ ಎಸ್‌ಎಸ್‌ಡಿ ನಿಮಗೆ ಸಾಕು.

ವೇಗದ ವಿಷಯ ಬೇಗ ಮುಗಿಸುತ್ತೇನೆ. ಲ್ಯಾಪ್‌ಟಾಪಿನ ಹಾರ್ಡ್ ಡಿಸ್ಕ್ ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತು ತಿರುಗುತ್ತದೆ, ಅಂದರೆ ಒಂದು ಸುತ್ತಿಗೆ 11 ಮಿಲಿಸೆಕೆಂಡ್. ಬೇಕಾದ ಜಾಗ ಓದುವ ಹೆಡ್ಡಿನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು. ಹೆಡ್ಡು ಸರಿಯುವ ಸಮಯ ಬೇರೆ. ಹೀಗಾಗಿ ಚದುರಿ ಬಿದ್ದ ಸಣ್ಣ ಫೈಲುಗಳನ್ನು ಅದು ಸೆಕೆಂಡಿಗೆ ನೂರರಷ್ಟು ಸಲವೂ ಓದಲಾರದು. ವಿಂಡೋಸ್ ತೆರೆಯುವಾಗ ಬೇಕಾಗುವುದು ಅಂಥ ಸಾವಿರಾರು ಫೈಲುಗಳು. ಎಸ್‌ಎಸ್‌ಡಿಯಲ್ಲಿ ತಿರುಗುವುದೇನೂ ಇಲ್ಲ, ಒಂದು ಓದಿಗೆ 0.1 ಮಿಲಿಸೆಕೆಂಡ್ ಸಾಕು. ಡಬ್ಬದ ಮೇಲಿನ ‘ಸೆಕೆಂಡಿಗೆ 550 ಎಂಬಿ’ಗಿಂತ ನಿಮಗೆ ಲಾಭ ತರುವುದು ಇದು.

ಇನ್ನು ಸವೆತ. ಎಷ್ಟು ಸಲ ಉತ್ತರ ಕೊಟ್ಟರೂ ಈ ಭಯ ಹೋಗುತ್ತಿಲ್ಲ, ಆದ್ದರಿಂದ ಈ ಬಾರಿ ಪೂರ್ತಿ ಲೆಕ್ಕ ಹಾಕೋಣ. ಮೂಲ ಮಾತು ಸುಳ್ಳಲ್ಲ: ಈಗಿನ, ಕೋಶಕ್ಕೆ ಮೂರು ಬಿಟ್ ಹಿಡಿಸುವ ಟಿಎಲ್‌ಸಿ ಫ್ಲ್ಯಾಶ್ ಮೆಮೊರಿಯ ಒಂದೊಂದು ಕೋಶವನ್ನೂ ಅಳಿಸಿ ಬರೆಯಲು ಒಂದರಿಂದ ಮೂರು ಸಾವಿರ ಸಲದ ಮಿತಿ ಇದೆ. ‘ಸಾವಿರ ಸಲ’ ಎಂದೊಡನೆ ಜನ ಸಾವಿರ ಫೈಲು ಎಂದುಕೊಳ್ಳುತ್ತಾರೆ. ಅದಲ್ಲ. ಒಳಗಿನ ಕಂಟ್ರೋಲರ್ (ಡ್ರೈವನ್ನು ನಡೆಸುವ ಚಿಪ್ಪು) ಒಂದೇ ಕೋಶಕ್ಕೆ ಮತ್ತೆ ಮತ್ತೆ ಬರೆಯುವುದಿಲ್ಲ, ಸರದಿಯ ಮೇಲೆ ಎಲ್ಲ ಕೋಶಗಳಿಗೂ ಹಂಚುತ್ತದೆ. ಸಾವಿರ ಸಲ ಎಂದರೆ ಇಡೀ 500 ಜಿಬಿಯನ್ನು ಸಾವಿರ ಸಲ ತುಂಬಿಸಿ ಅಳಿಸುವುದು.

ಕಂಪನಿಗಳು ಇದನ್ನು ಟಿಬಿಡಬ್ಲ್ಯು (ಒಟ್ಟು ಎಷ್ಟು ಟಿಬಿ ಬರೆಯಬಹುದು) ಎಂಬ ಅಂಕಿಯಲ್ಲಿ ಬರೆದೇ ಕೊಡುತ್ತವೆ. ಸ್ಯಾಮ್‌ಸಂಗ್ 870 ಇವೊ 500 ಜಿಬಿಗೆ ಅದು 300 ಟಿಬಿ. ದಿನಕ್ಕೆ 30 ಜಿಬಿ ಬರೆದರೂ ಹತ್ತು ಸಾವಿರ ದಿನ, ಅಂದರೆ 27 ವರ್ಷ. ಅಗ್ಗದ ಸಾಲಿನ ಕ್ರೂಶಿಯಲ್ ಬಿಎಕ್ಸ್500, 480 ಜಿಬಿಯದಕ್ಕೆ 120 ಟಿಬಿ. ಅದೇ ಲೆಕ್ಕದಲ್ಲಿ ಸುಮಾರು 11 ವರ್ಷ. ಬ್ರೌಸರ್, ವರ್ಡ್, ಟ್ಯಾಲಿ ಬಳಸುವ ಮನೆಯಲ್ಲಿ ದಿನಕ್ಕೆ 30 ಜಿಬಿ ಬರೆಯುವುದೇ ಕಷ್ಟ. ‘ಒಳಗೊಳಗೆ ಅದು ಇನ್ನೂ ಹೆಚ್ಚು ಬರೆದುಕೊಳ್ಳುತ್ತಲ್ಲ’ ಎನ್ನುವವರಿಗೆ: ಟಿಬಿಡಬ್ಲ್ಯು ಎಣಿಸುವುದು ಕಂಪ್ಯೂಟರ್ ಕಳಿಸಿದ ಬರಹವನ್ನು. ಒಳಗಿನ ಹೆಚ್ಚುವರಿಯನ್ನು ಲೆಕ್ಕ ಹಿಡಿದೇ ಆ ಅಂಕಿ ಕೊಟ್ಟಿರುತ್ತಾರೆ. ಸಂಶಯವಿದ್ದರೆ, ಡಿಸ್ಕಿನ ಸ್ಥಿತಿ ತೋರಿಸುವ ತಂತ್ರಾಂಶ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ತೆರೆದು ಈವರೆಗೆ ಒಟ್ಟು ಎಷ್ಟು ಬರೆದಿದೆ ಎಂದು ನೋಡಿಕೊಳ್ಳಿ.

ಹಾರ್ಡ್ ಡಿಸ್ಕಿಗೂ ಮಿತಿ ಇದೆಯೆಂಬುದನ್ನು ಯಾರೂ ಕೇಳುವುದಿಲ್ಲ. ಸೀಗೇಟ್ ಬಾರಕುಡಾ ಡೆಸ್ಕ್‌ಟಾಪ್ ಡಿಸ್ಕಿಗೆ ವರ್ಷಕ್ಕೆ 55 ಟಿಬಿ ಎಂದು ಕಂಪನಿಯೇ ಹೇಳುತ್ತದೆ, ಅದರಲ್ಲಿ ಓದುವುದೂ ಸೇರಿದೆ.

ಈ ಭಯದಿಂದಲೇ, ಮೆಮೊರಿ ತುಂಬಿದಾಗ ವಿಂಡೋಸ್ ಡಿಸ್ಕಿನಲ್ಲಿ ಬಳಸುವ ಪೇಜ್‌ಫೈಲನ್ನು ಹಾರ್ಡ್ ಡಿಸ್ಕಿಗೆ ಹಾಕಿಸುವವರಿದ್ದಾರೆ. ದಯವಿಟ್ಟು ಬೇಡ. ರ‍್ಯಾಮ್ ಸಾಲದೆ ಬಂದಾಗ ಯಂತ್ರ ಮತ್ತೆ ಆ 5400 ಸುತ್ತಿಗೇ ಕಾಯುತ್ತದೆ. ದುಡ್ಡು ಕೊಟ್ಟು ಪಡೆದ ವೇಗ ಅಲ್ಲೇ ಹೋಯಿತು. ಎಸ್‌ಎಸ್‌ಡಿ ಸಾಯುವುದು ಹೆಚ್ಚಾಗಿ ಕಂಟ್ರೋಲರ್ ಕೆಟ್ಟು, ಅದೂ ಸದ್ದಿಲ್ಲದೆ, ಒಂದೇ ದಿನದಲ್ಲಿ. ಭಯಪಡುವುದಾದರೆ ಅದಕ್ಕೆ, ಮತ್ತು ಅದಕ್ಕೆ ಮದ್ದು ಬ್ಯಾಕಪ್ ಒಂದೇ.

ಬೆಲೆ: ಎಷ್ಟೇ ಚಿಕ್ಕ ಹಾರ್ಡ್ ಡಿಸ್ಕಾದರೂ ಮೋಟಾರು, ತಟ್ಟೆ, ಹೆಡ್ಡು ಬೇಕೇ ಬೇಕು, ಹಾಗಾಗಿ ಅದರ ಬೆಲೆ ಒಂದು ಮಟ್ಟಕ್ಕಿಂತ ಇಳಿಯದು. ಎಸ್‌ಎಸ್‌ಡಿಯಲ್ಲಿ ಜಾಗ ಹೆಚ್ಚಿದಂತೆ ಚಿಪ್ಪಿನ ದುಡ್ಡೂ ಹೆಚ್ಚುತ್ತದೆ. ಆದ್ದರಿಂದ 500 ಜಿಬಿ ಆಸುಪಾಸಿನಲ್ಲಿ ಅಂತರ ಚಿಕ್ಕದು. 4 ಟಿಬಿ ದಾಟಿದರೆ ಹಾರ್ಡ್ ಡಿಸ್ಕ್ ಬಹಳ ಅಗ್ಗ. ಚಿಪ್ಪಿನ ದರ ಏರಿಳಿಯುತ್ತಲೇ ಇರುತ್ತದೆ, ಬೆಂಗಳೂರಿನ ಎಸ್.ಪಿ. ರೋಡಿನಲ್ಲಾಗಲಿ ಆನ್‌ಲೈನಿನಲ್ಲಾಗಲಿ ಕೊಳ್ಳುವ ದಿನ ಬೆಲೆಯನ್ನು ಜಿಬಿಯಿಂದ ಭಾಗಿಸಿ ನೋಡಿ.

ಹಾಕಿಸುವಾಗ ಎರಡು ಎಚ್ಚರ. ಒಳಗೆ ಎಂ.2 ಎಂಬ, ಪಟ್ಟಿಯಂಥ ಡ್ರೈವ್ ಕೂರಿಸುವ ಜಾಗ ಕಂಡಿತೆಂದು, ಸಾಟಾಗಿಂತ ಬೇರೆಯದಾದ ವೇಗದ ಬಗೆ ಎನ್‌ವಿಎಂಇ ತರಬೇಡಿ. ಅದು ಸಾಟಾ ಮಾತ್ರದ ಜಾಗವಾಗಿದ್ದರೆ ಡ್ರೈವ್ ಕಾಣಿಸುವುದೇ ಇಲ್ಲ. 1 ಟಿಬಿಯಿಂದ 480 ಜಿಬಿಗೆ ಕ್ಲೋನ್ (ಇದ್ದಂತೆಯೇ ನಕಲು) ಮಾಡಲು ಮೊದಲು ಪಾರ್ಟಿಷನ್ (ಡಿಸ್ಕಿನ ವಿಭಾಗ) ಕುಗ್ಗಿಸಬೇಕು, ಅದಕ್ಕಿಂತ ವಿಂಡೋಸನ್ನು ಹೊಸದಾಗಿ ಹಾಕುವುದೇ ಸಲೀಸು.

ಯಾರೂ ಕೇಳದ, ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ: ಮದುವೆ ಫೋಟೋಗಳನ್ನು ಎಸ್‌ಎಸ್‌ಡಿಗೆ ತುಂಬಿಸಿ ಬೀರುವಿನಲ್ಲಿಟ್ಟರೆ? ಮೆಮೊರಿ ಚಿಪ್ಪುಗಳಿಗೆ ನಿಯಮ ರೂಪಿಸುವ ಸಂಸ್ಥೆಯಾದ ಜೆಡೆಕ್ ಮಾನದಂಡದ ಪ್ರಕಾರ, ಟಿಬಿಡಬ್ಲ್ಯು ಪೂರ್ತಿ ಮುಗಿದ ಡ್ರೈವ್ ಕೂಡ 30 ಡಿಗ್ರಿಯಲ್ಲಿ ವಿದ್ಯುತ್ ಇಲ್ಲದೆ ಒಂದು ವರ್ಷ ಡೇಟಾ ಉಳಿಸಿಕೊಳ್ಳಬೇಕು. ಹೊಸದು ಅದಕ್ಕಿಂತ ಬಹಳ ಹೆಚ್ಚು ತಡೆಯುತ್ತದೆ. ಆದರೆ ಶಾಖ ಹೆಚ್ಚಿದಷ್ಟೂ ಆ ಅವಧಿ ಕುಗ್ಗುತ್ತದೆ, ಕಲಬುರಗಿ ರಾಯಚೂರಿನ ಬೇಸಿಗೆ 40 ಡಿಗ್ರಿ ದಾಟುತ್ತದೆ. ಎತ್ತಿಡಲು ಹಾರ್ಡ್ ಡಿಸ್ಕೇ ಸರಿ. ಲ್ಯಾಪ್‌ಟಾಪಿನಿಂದ ತೆಗೆದ ಆ 1 ಟಿಬಿಯನ್ನು ಯುಎಸ್‌ಬಿ ಕೇಸಿಗೆ ಹಾಕಿ ಅದಕ್ಕೇ ಬಳಸಿ. ಮೊದಲು ಕ್ರಿಸ್ಟಲ್‌ಡಿಸ್ಕ್‌ಇನ್ಫೋದಲ್ಲಿ 05 ಮತ್ತು ಸಿ5 ಸಾಲುಗಳ (ಡಿಸ್ಕಿನಲ್ಲಿ ಕೆಟ್ಟ, ಕೆಡುತ್ತಿರುವ ಜಾಗಗಳ ಎಣಿಕೆ) ಕೊನೆಯ ಅಂಕಣ ನೋಡಿ. ಎರಡೂ ಸೊನ್ನೆ ಇರಬೇಕು. ಇಲ್ಲದಿದ್ದರೆ ಅದರಲ್ಲಿರುವುದನ್ನು ಅಂದೇ ಬೇರೆ ಕಡೆಗೆ ನಕಲಿಸಿಕೊಳ್ಳಿ.