ಭ್ರೂಣ ಸಂಶೋಧನೆಯ ಕಾನೂನು ಜಾರಿಗೆ ಬರುವ ಬಗೆ

ಮದ್ದೂರು, ನಾಗಮಂಗಲದ ಕಡೆಯಿಂದ ಮೈಸೂರಿನ ಫರ್ಟಿಲಿಟಿ ಸೆಂಟರ್‌ಗಳಿಗೆ ಬರುವ ದಂಪತಿಗಳು ಚಿಕಿತ್ಸೆಗೆ ಮೊದಲು ಹಲವು ಒಪ್ಪಿಗೆ ಪತ್ರಗಳಿಗೆ ಸಹಿ ಹಾಕಬೇಕಾಗುತ್ತದೆ. ಐವಿಎಫ್‌ನಲ್ಲಿ (ಅಂಡಾಣು, ವೀರ್ಯಾಣುಗಳನ್ನು ದೇಹದ ಹೊರಗೆ ಕೂಡಿಸಿ ಭ್ರೂಣ ಮಾಡುವ ಚಿಕಿತ್ಸೆಯಲ್ಲಿ) ಬಳಸದೆ ಉಳಿಯುವ ಭ್ರೂಣಗಳ ಗತಿಯೇನೆಂಬ ಪ್ರಶ್ನೆ ಎದುರಾಗುವುದು ಇಲ್ಲಿಯೇ. ಮೈನಸ್ 196 ಡಿಗ್ರಿ ಸೆಲ್ಸಿಯಸ್‌ನ ದ್ರವ ಸಾರಜನಕದಲ್ಲಿ ಹೆಪ್ಪುಗಟ್ಟಿರುವ, ಬರಿಗಣ್ಣಿಗೆ ಕಂಡೂ ಕಾಣದಷ್ಟು ಸಣ್ಣದಾದ ಈ ಜೀವಕೋಶಗಳ ಗುಂಪನ್ನು ಹೆಚ್ಚೆಂದರೆ ಹತ್ತು ವರ್ಷ ಕಾಪಿಡಬಹುದು. ಆಮೇಲೆ ನಶಿಸಲು ಬಿಡಬೇಕು, ಇಲ್ಲವೇ ದಂಪತಿಯ ಒಪ್ಪಿಗೆ ಪಡೆದು ನೋಂದಾಯಿತ ಸಂಶೋಧನಾ ಸಂಸ್ಥೆಗೆ ಕೊಡಬೇಕು. ಹೀಗೆ ಹೇಳುವುದು 2021ರ ನೆರವಿನ ಸಂತಾನೋತ್ಪತ್ತಿ ತಂತ್ರಜ್ಞಾನ (ನಿಯಂತ್ರಣ) ಕಾಯ್ದೆ.

ಈ ಕಾಯ್ದೆಯ ಮಸೂದೆ ಲೋಕಸಭೆಯಲ್ಲಿ ಮಂಡನೆಯಾದದ್ದು 2020ರ ಸೆಪ್ಟೆಂಬರ್‌ನಲ್ಲಿ. ಅದು ಸ್ಥಾಯಿ ಸಮಿತಿಯ ಪರಿಶೀಲನೆಗೆ ಹೋಗಿ ಬಂದು, 2021ರ ಡಿಸೆಂಬರ್ 1ರಂದು ಲೋಕಸಭೆಯ, 8ರಂದು ರಾಜ್ಯಸಭೆಯ ಅನುಮೋದನೆ ಪಡೆಯಿತು. 18ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ಪತ್ರಿಕೆಗಳಲ್ಲಿ ಸುದ್ದಿ ಅಲ್ಲಿಗೆ ಮುಗಿಯುತ್ತದೆ, ಕಾನೂನಿನ ಕೆಲಸ ಮಾತ್ರ ಅಲ್ಲಿಂದ ಶುರುವಾಗುತ್ತದೆ. ಜಾರಿಯ ದಿನಾಂಕವನ್ನು ಕಾಯ್ದೆಯಲ್ಲೇ ಹೇಳಿರದಿದ್ದರೆ, 1897ರ ಸಾಮಾನ್ಯ ಖಂಡಗಳ ಅಧಿನಿಯಮದಂತೆ, ಅಂಕಿತ ಬಿದ್ದ ದಿನವೇ ಅದು ಜಾರಿಗೆ ಬರುತ್ತದೆ. ಈ ಕಾಯ್ದೆಯ ಮೊದಲ ಕಲಮು ಆ ದಿನವನ್ನು ಗೊತ್ತುಮಾಡುವ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೆ ಬಿಟ್ಟಿತ್ತು. ಗೆಜೆಟ್ ಅಧಿಸೂಚನೆ ಹೊರಟು ಅದು ಜಾರಿಯಾದದ್ದು 2022ರ ಜನವರಿಯಲ್ಲಿ. ಅರ್ಜಿ ನಮೂನೆ, ಶುಲ್ಕ, ಪ್ರಯೋಗಾಲಯದ ಅರ್ಹತೆಗಳನ್ನು ಹೇಳುವ ನಿಯಮಗಳು ಬಂದದ್ದು ಜೂನ್‌ನಲ್ಲಿ. ನೋಂದಣಿ ಪ್ರಾಧಿಕಾರವನ್ನು ನೇಮಿಸುವುದು ರಾಜ್ಯಗಳ ಹೊಣೆ.

ಸಂಶೋಧನೆಯ ಬಗ್ಗೆ ಕಾಯ್ದೆಯ 30ನೆಯ ಕಲಮು ಹೇಳುವುದು ಎರಡೇ ಮಾತು. ಸಂಶೋಧನೆಗಾಗಿ ಮಾನವ ಭ್ರೂಣವನ್ನು ದೇಶದ ಹೊರಗೆ ಕಳಿಸುವುದು ಪೂರ್ತಿ ನಿಷಿದ್ಧ. ದೇಶದೊಳಗೆ ನಡೆಸುವುದಾದರೆ ನಿಯಮಗಳಲ್ಲಿ ಗೊತ್ತುಪಡಿಸಿದ ರೀತಿಯಲ್ಲಿ ನಡೆಸಬೇಕು. ಎಷ್ಟು ದಿನದ ಭ್ರೂಣದವರೆಗೆ ಎಂಬುದಕ್ಕೆ ವಿಜ್ಞಾನಿಗಳು ನೋಡುವುದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಜೈವಿಕ ತಂತ್ರಜ್ಞಾನ ಇಲಾಖೆ 2017ರಲ್ಲಿ ಹೊರಡಿಸಿದ ಆಕರಕೋಶ (ಸ್ಟೆಮ್ ಸೆಲ್) ಸಂಶೋಧನೆಯ ಮಾರ್ಗಸೂಚಿಯನ್ನು. ಫಲೀಕರಣವಾಗಿ 14 ದಿನ, ಅಥವಾ ಭ್ರೂಣದಲ್ಲಿ ಆದಿರೇಖೆ ಮೂಡುವವರೆಗೆ, ಇವೆರಡರಲ್ಲಿ ಯಾವುದು ಮೊದಲೋ ಅಲ್ಲಿಗೆ ಭ್ರೂಣವನ್ನು ಪ್ರಯೋಗಾಲಯದಲ್ಲಿ ಬೆಳೆಸುವುದನ್ನು ನಿಲ್ಲಿಸಬೇಕು. ತಲೆ ಯಾವ ಕಡೆ, ಬಾಲ ಯಾವ ಕಡೆ ಎಂದು ದೇಹದ ದಿಕ್ಕು ನಿಶ್ಚಯವಾಗುವುದು ಆ ರೇಖೆಯಿಂದ. ಅದಕ್ಕೆ ಮುಂಚೆ ಒಂದು ಭ್ರೂಣ ಒಡೆದು ಅವಳಿಯಾಗಬಹುದು.

ಬ್ರಿಟನ್ನಿನಲ್ಲಿ ಇದೇ ಮಿತಿ ಕಾಯ್ದೆಯೊಳಗೇ ಇದೆ. ಅಲ್ಲಿ ಮೊದಲ ಐವಿಎಫ್ ಶಿಶು ಹುಟ್ಟಿದ್ದು 1978ರಲ್ಲಿ, ಈ ವಿಷಯವನ್ನು ಪರಿಶೀಲಿಸಲು ಸರ್ಕಾರ ನೇಮಿಸಿದ್ದ ವಾರ್ನಾಕ್ ಸಮಿತಿಯ ವರದಿ 1984ರಲ್ಲಿ, ಕಾಯ್ದೆ 1990ರಲ್ಲಿ, ಪರವಾನಗಿ ಕೊಡುವ ಪ್ರಾಧಿಕಾರ ಪೂರ್ಣವಾಗಿ ಕೆಲಸಕ್ಕೆ ಇಳಿದದ್ದು 1991ರ ಆಗಸ್ಟ್‌ನಲ್ಲಿ. 2008ರ ತಿದ್ದುಪಡಿಯ ಬಹುಭಾಗ ಜಾರಿಯಾದದ್ದು 2009ರ ಅಕ್ಟೋಬರ್‌ನಲ್ಲಿ. ಮೈಟೊಕಾಂಡ್ರಿಯ ದಾನಕ್ಕೆ (ಜೀವಕೋಶಕ್ಕೆ ಶಕ್ತಿ ಒದಗಿಸುವ ಭಾಗವನ್ನು ಬೇರೆ ಮಹಿಳೆಯ ಅಂಡಾಣುವಿನಿಂದ ಪಡೆಯುವುದಕ್ಕೆ) ಅವಕಾಶ ಕೊಡುವ ನಿಯಮಗಳಂತೂ, ನಿಯಮಗಳೇ ಆದರೂ, 2015ರ ಫೆಬ್ರವರಿಯಲ್ಲಿ ಕಾಮನ್ಸ್ ಸಭೆಯಲ್ಲಿ ಚರ್ಚೆಗೆ ಬಂದು 382–128 ಮತಗಳಿಂದ ಗೆದ್ದು, ಲಾರ್ಡ್ಸ್ ಸಭೆಯ ಒಪ್ಪಿಗೆಯನ್ನೂ ಪಡೆದು, ಅಕ್ಟೋಬರ್ 29ರಂದು ಜಾರಿಗೆ ಬಂದವು. ನಮ್ಮಲ್ಲಿ ಕೇಂದ್ರ ಸರ್ಕಾರ ರಚಿಸಿದ ನಿಯಮಗಳು ಮೊದಲು ಜಾರಿಯಾಗಿ ಆಮೇಲೆ ಸಂಸತ್ತಿನ ಮೇಜಿನ ಮೇಲೆ ಮೂವತ್ತು ದಿನ ಇರುತ್ತವೆ; ಯಾವ ಸದಸ್ಯರೂ ಎತ್ತಿ ಕೇಳದಿದ್ದರೆ ಹಾಗೆಯೇ ಉಳಿಯುತ್ತವೆ. ಪ್ರಯೋಗಾಲಯದ ದಿನನಿತ್ಯದ ವಿವರಗಳಿಗೆ ಈ ಪದ್ಧತಿ ಸಾಕು, ಆದರೆ ಭ್ರೂಣವನ್ನು ಎಷ್ಟು ದಿನ ಬೆಳೆಸಬಹುದೆಂಬಂಥ ತೀರ್ಮಾನವನ್ನು ಜಾರಿಗೆ ಮುನ್ನವೇ ಸದನದಲ್ಲಿ ಮತಕ್ಕೆ ಹಾಕುವುದು ಲೇಸೆಂದು ನನಗೆ ತೋರುತ್ತದೆ.