ಕೊಯ್ಪು ಮುಗಿದರೆ ಕೆಲಸವೂ ಮುಗಿಯಿತು

1981ರಲ್ಲಿ ಬ್ರಿಟನ್ ಸರ್ಕಾರ 24 ಜನರಿಗೆ ಒಂದು ನೌಕರಿ ಕೊಟ್ಟಿತು. ದೇಶದ ಪೂರ್ವ ಭಾಗದ ನಾರ್ಫೋಕ್, ಸಫೋಕ್ ಕಡೆಯ ಜೌಗು ನೆಲದಲ್ಲಿ ಬೋನು ಇಡಬೇಕು, ಕೊಯ್ಪು ಅನ್ನೋ ಪ್ರಾಣಿಯನ್ನು ಒಂದೂ ಬಿಡದೆ ಹಿಡಿಯಬೇಕು. ಕೊನೆಯ ಕೊಯ್ಪು ಸಿಕ್ಕ ದಿನ ನೌಕರಿಯೂ ಹೋಗುತ್ತದೆ. ಇನ್ನೊಂದು ರೀತಿಯಲ್ಲಿ ಹೇಳಿದರೆ, ಚೆನ್ನಾಗಿ ದುಡಿದವನು ತನ್ನ ಅನ್ನಕ್ಕೆ ತಾನೇ ಕಲ್ಲು ಹಾಕಿಕೊಂಡ ಹಾಗೆ. ಈ ಗಂಟನ್ನು ಬಿಡಿಸದೆ ಎಷ್ಟು ಬೋನು ಇಟ್ಟರೂ ಪ್ರಯೋಜನವಿಲ್ಲ ಅಂತ ಅಲ್ಲಿಯ ಸಂಶೋಧಕರಿಗೆ ಗೊತ್ತಾಗಿತ್ತು.

ಕೊಯ್ಪು ಹುಟ್ಟಾ ದಕ್ಷಿಣ ಅಮೆರಿಕದ್ದು. ನೋಡಲು ದೊಡ್ಡ ಹೆಗ್ಗಣ. ಐದಾರು ಕಿಲೋ ತೂಗುತ್ತದೆ, ಗಂಡು ಇನ್ನೂ ಜಾಸ್ತಿ. ಬಾಯಿ ತೆರೆದರೆ ಕಿತ್ತಳೆ ಬಣ್ಣದ ಹಲ್ಲು, ಹಿಂಗಾಲಿನ ಬೆರಳುಗಳ ನಡುವೆ ಬಾತುಕೋಳಿಯದರಂಥ ಚರ್ಮ. ತುಪ್ಪಳಕ್ಕಾಗಿ ಸಾಕಲೆಂದು 1929ರಲ್ಲಿ ಬ್ರಿಟನ್ನಿಗೆ ತಂದರು. ಮೂರೇ ವರ್ಷದಲ್ಲಿ ತಪ್ಪಿಸಿಕೊಳ್ಳಲು ಶುರುಮಾಡಿದವು. ಎರಡನೇ ಮಹಾಯುದ್ಧದ ಹೊತ್ತಿಗೆ ಸಾಕಣೆ ಕೇಂದ್ರಗಳು ಬಾಗಿಲು ಹಾಕಿದವು. ಆದರೆ ನಾರ್ವಿಚ್ ಪಟ್ಟಣದ ಸುತ್ತಮುತ್ತ ಓಡಿಹೋದವು ನದಿ, ಕಾಲುವೆಗಳಲ್ಲಿ ಸಂಸಾರ ಹೂಡಿಬಿಟ್ಟಿದ್ದವು.

ಮೊದಮೊದಲು ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಕಾಲುವೆಯ ಕಳೆ ತಿನ್ನುತ್ತದೆ, ಒಳ್ಳೆಯದೇ ಅಲ್ವಾ ಅಂದುಕೊಂಡವರೂ ಇದ್ದರು. 1950ರ ದಶಕ ಮುಗಿಯುವ ಹೊತ್ತಿಗೆ ಮಾತು ಬದಲಾಯಿತು. ಜೊಂಡಿನ ಬಯಲುಗಳು ಬೋಳಾದವು. ಸಕ್ಕರೆ ಬೀಟ್ ಹೊಲಗಳಿಗೆ ನುಗ್ಗಿದವು. ಅದಕ್ಕಿಂತ ಹೆದರಿಕೆ ಹುಟ್ಟಿಸಿದ್ದು ಬಿಲಗಳು. ಅಲ್ಲಿಯ ಎಷ್ಟೋ ಹೊಲಗಳು ಪಕ್ಕದ ನದಿಯ ನೀರಿನ ಮಟ್ಟಕ್ಕಿಂತ ತಗ್ಗಿನಲ್ಲಿವೆ. ಮಣ್ಣಿನ ಏರಿಯಲ್ಲಿ ಕೊಯ್ಪು ತೂತು ಕೊರೆದರೆ ಊರಿಗೇ ನೀರು.

1962ರಲ್ಲಿ ಮೊದಲ ದೊಡ್ಡ ಕಾರ್ಯಾಚರಣೆ ಶುರುವಾಯಿತು. ಆ ವರ್ಷದ ಚಳಿಗಾಲ ವಿಪರೀತವಾಗಿತ್ತು. ತಿಂಗಳುಗಟ್ಟಲೆ ನೀರು ಹೆಪ್ಪುಗಟ್ಟಿ, ಜನ ಹಿಡಿದಿದ್ದಕ್ಕಿಂತ ಜಾಸ್ತಿ ಕೊಯ್ಪುಗಳನ್ನು ಚಳಿಯೇ ಕೊಂದಿತು. 1965ಕ್ಕೆ ಕಾರ್ಯಾಚರಣೆ ನಿಲ್ಲಿಸಿದರು. ಮುಂದೆ ಒಂದರ ಹಿಂದೆ ಒಂದು ಬೆಚ್ಚನೆಯ ಚಳಿಗಾಲ ಬಂತು. ಕೊಯ್ಪು ವರ್ಷವಿಡೀ ಮರಿ ಹಾಕುವ ಪ್ರಾಣಿ. 1970ರ ದಶಕದ ನಡುವೆ ಮತ್ತೆ ಸಾವಿರಾರು. ಚಳಿಯ ಕೆಲಸವನ್ನು ತಮ್ಮದೆಂದು ಲೆಕ್ಕ ಹಾಕಿಕೊಂಡದ್ದಕ್ಕೆ ತೆತ್ತ ಬೆಲೆ ಇದು ಅಂತ ನನ್ನ ಅನಿಸಿಕೆ.

ಎರಡನೇ ಸಲ ಸುಮ್ನೆ ನುಗ್ಗಲಿಲ್ಲ. ನಾರ್ವಿಚ್‌ನಲ್ಲಿ ಕೊಯ್ಪುವಿಗೆಂದೇ ಒಂದು ಪ್ರಯೋಗಾಲಯ ಇತ್ತು. ಮಾರಿಸ್ ಗಾಸ್ಲಿಂಗ್ ಅದರ ಮುಂದಾಳು. ಹಿಡಿದ ಪ್ರಾಣಿಗಳನ್ನು ಅಲ್ಲಿಗೆ ತಂದು ಕೊಯ್ದು ನೋಡುತ್ತಿದ್ದರು. ಕಣ್ಣುಗುಡ್ಡೆಯೊಳಗಿನ ಮಸೂರವನ್ನು ತೆಗೆದು, ಒಣಗಿಸಿ, ತೂಗುತ್ತಿದ್ದರು. ಮಸೂರ ಬದುಕಿನುದ್ದಕ್ಕೂ ಬೆಳೆಯುತ್ತಲೇ ಇರುತ್ತದೆ, ಹಾಗಾಗಿ ತೂಕ ನೋಡಿ ಪ್ರಾಣಿಯ ವಯಸ್ಸು ಹೇಳಬಹುದು. ಇವತ್ತು ಸತ್ತ ಕೊಯ್ಪುವಿನ ವಯಸ್ಸು ಎರಡು ವರ್ಷ ಅಂದರೆ, ಎರಡು ವರ್ಷದ ಹಿಂದಿನ ಲೆಕ್ಕಕ್ಕೆ ಒಂದು ಸೇರಿತು. ಹೀಗೆ ಹಿಂದಕ್ಕೆ ಎಣಿಸುತ್ತ, ಯಾವ ತಿಂಗಳು ಎಷ್ಟಿದ್ದವು, ಎಷ್ಟು ಜನ ಬೋನು ಇಟ್ಟರೆ ಎಷ್ಟು ಕಡಿಮೆಯಾದವು, ಚಳಿ ಎಷ್ಟನ್ನು ತಿಂದಿತು ಅನ್ನೋದೆಲ್ಲ ಹೊರಗೆ ಬಂತು. 24 ಜನ ಬೇಕು ಅನ್ನೋ ಅಂಕಿ ಹುಟ್ಟಿದ್ದು ಇಂಥ ಲೆಕ್ಕದಿಂದ, ಯಾರದೋ ಅಂದಾಜಿನಿಂದ ಅಲ್ಲ.

ಬೋನಿನ ಉಪಾಯವೂ ಸುಧಾರಿಸಿತು. ದಡದಲ್ಲಿ ಇಟ್ಟ ಬೋನಿಗೆ ಬೇರೆ ಪ್ರಾಣಿ, ಪಕ್ಷಿಗಳು ಬೀಳುತ್ತಿದ್ದವು. ನೀರಿನ ಮೇಲೆ ಸಣ್ಣ ತೆಪ್ಪ ತೇಲಿಬಿಟ್ಟು, ಅದರ ಮೇಲೆ ಕ್ಯಾರೆಟ್ ಹಾಕಿ ಬೋನು ಇಟ್ಟರೆ ಕೊಯ್ಪುವೇ ಜಾಸ್ತಿ ಬೀಳುತ್ತದೆ ಅಂತ ಕಂಡುಕೊಂಡರು.

ಉಳಿದದ್ದು ಮನುಷ್ಯರ ಲೆಕ್ಕ. ಮೊದಲ ಸಾವಿರ ಕೊಯ್ಪು ಹಿಡಿಯೋದು ಸುಲಭ. ಕೊನೆಯ ಹತ್ತು ಕಷ್ಟ. ವಾರಗಟ್ಟಲೆ ಖಾಲಿ ಬೋನು ನೋಡಿಕೊಂಡು ಬರಬೇಕು. ಒಂದೊಂದು ಬಾಲಕ್ಕೆ ಇಷ್ಟು ಅಂತ ದುಡ್ಡು ಕೊಟ್ಟರೆ ಆ ಹೊತ್ತಿಗೆ ಎಲ್ಲರೂ ಮನೆಗೆ ಹೋಗಿರುತ್ತಾರೆ. ಅಥವಾ ಒಂದೆರಡು ಜೋಡಿ ಬಿಟ್ಟಿರುತ್ತಾರೆ, ಮುಂದಿನ ವರ್ಷಕ್ಕೆ ಇರಲಿ ಅಂತ. ಇದು ಬರೀ ಅನುಮಾನ ಅಲ್ಲ. 1902ರಲ್ಲಿ ಹನೋಯಿಯಲ್ಲಿ ಫ್ರೆಂಚ್ ಆಡಳಿತ ಇಲಿಯ ಬಾಲ ತಂದವರಿಗೆ ದುಡ್ಡು ಕೊಟ್ಟಿತ್ತು. ಸ್ವಲ್ಪ ದಿನದಲ್ಲೇ ಬಾಲವಿಲ್ಲದ ಇಲಿಗಳು ಊರಲ್ಲಿ ಓಡಾಡತೊಡಗಿದವು. ಬಾಲ ಕತ್ತರಿಸಿ ಬಿಟ್ಟರೆ ಅದು ಮರಿ ಹಾಕುತ್ತದೆ, ಮರಿಗೂ ಬಾಲ ಇರುತ್ತದೆ! ಊರ ಹೊರಗೆ ಇಲಿ ಸಾಕಿದವರೂ ಸಿಕ್ಕಿಬಿದ್ದರು. 1975ರಲ್ಲಿ ಅಮೆರಿಕದ ಮ್ಯಾನೇಜ್‌ಮೆಂಟ್ ಪ್ರಾಧ್ಯಾಪಕ ಸ್ಟೀವನ್ ಕೆರ್ ಅವರು ಆಫೀಸು, ಕಾರ್ಖಾನೆಗಳ ಬಗ್ಗೆ ಬರೆಯುತ್ತ ಹೇಳಿದ್ದೂ ಇದನ್ನೇ: ಬಯಸೋದು ಒಂದು, ಬಹುಮಾನ ಕೊಡೋದು ಇನ್ನೊಂದಕ್ಕೆ. ಜನ ಬಹುಮಾನ ಇರುವ ಕಡೆಗೇ ಹೋಗುತ್ತಾರೆ. ಅದು ಅವರ ತಪ್ಪೂ ಅಲ್ಲ.

ನಾರ್ಫೋಕ್‌ನವರು ಹಿಡಿದ ಪ್ರಾಣಿಗೆ ಬಹುಮಾನ ಇಡಲಿಲ್ಲ, ಇಲ್ಲದ ಪ್ರಾಣಿಗೆ ಇಟ್ಟರು. ತಿಂಗಳ ಸಂಬಳ ಹೇಗೂ ಇತ್ತು. ಅದರ ಮೇಲೆ, ಹತ್ತು ವರ್ಷದೊಳಗೆ ಕೊಯ್ಪು ಪೂರ್ತಿ ಇಲ್ಲವಾದರೆ ದೊಡ್ಡ ಇಡಿಗಂಟು. ಬೇಗ ಮುಗಿಸಿದರೆ ಮೂರು ವರ್ಷದ ಸಂಬಳದಷ್ಟು, ತಡವಾದ ಹಾಗೆ ಕಡಿಮೆ. ಗಂಟು ಇಡೀ ತಂಡದ ಸಾಧನೆಗೆ ಸಿಗುವಂಥದ್ದು. ಹಾಗಾಗಿ ಒಬ್ಬ ಒಂದು ಜೋಡಿಯನ್ನು ಬಚ್ಚಿಟ್ಟರೆ ಉಳಿದ 23 ಜನರ ಜೇಬಿಗೂ ಕತ್ತರಿ. ಖಾಲಿ ಬೋನು ನೋಡಿ ಬೇಸರಪಡುವ ಕಾರಣವೂ ಹೋಯಿತು. ಖಾಲಿ ಬೋನು ಅಂದರೆ ಗಂಟು ಹತ್ತಿರ ಬಂತು ಅಂತ ಅರ್ಥ. ಈ ಕಥೆಯಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದೇ.

ಎಂಟು ವರ್ಷದಲ್ಲಿ ಅವರು ಹಿಡಿದದ್ದು ಸುಮಾರು 35 ಸಾವಿರ. 1989ರ ಜನವರಿಯಲ್ಲಿ ಕೊಯ್ಪು ಮುಗಿಯಿತು ಅಂತ ಘೋಷಿಸಿದರು. ಇದೆಲ್ಲ ಬರೀ ಇಡಿಗಂಟಿನ ಮಹಿಮೆ ಅಂದರೆ ಅದು ಅತಿಯಾದೀತು. 1980ರ ದಶಕದಲ್ಲಿ ಮತ್ತೆ ಕೆಲವು ಕಟು ಚಳಿಗಾಲ ಬಂದವು. ಸುತ್ತ ಸಮುದ್ರ ಇರುವ ದೇಶಕ್ಕೆ ಹೊಸ ಕೊಯ್ಪು ನಡೆದು ಬರೋದೂ ಇಲ್ಲ. ಇಟಲಿ, ಫ್ರಾನ್ಸ್‌ಗಳಲ್ಲಿ ಅದು ಇನ್ನೂ ಆರಾಮಾಗಿ ಇದೆ.

ಅಮೆರಿಕದಲ್ಲಿ ಇದೇ ಪ್ರಾಣಿಯ ಮೇಲೆ ಎರಡು ದಾರಿ ಹಿಡಿದರು. ಲೂಯಿಸಿಯಾನದಲ್ಲಿ 2002ರಿಂದ ಬಾಲಕ್ಕೆ ದುಡ್ಡು. ಶುರುವಿನಲ್ಲಿ 4 ಡಾಲರ್, ಆಮೇಲೆ 5, 2019ರಿಂದ 6. ಬಾಲ 7 ಇಂಚಿಗಿಂತ ಉದ್ದ ಇರಬೇಕು, ಮರಿಗಳ ಬಾಲ ನಡೆಯೋದಿಲ್ಲ. ಅಲ್ಲಿ ಗುರಿ ಜೌಗು ನೆಲಕ್ಕೆ ಆಗುವ ಹಾನಿ ಕಡಿಮೆ ಮಾಡೋದು, ಅಷ್ಟೇ. ಅದಕ್ಕೆ ಬಾಲದ ಲೆಕ್ಕ ಸಾಕು. ಮೇರಿಲ್ಯಾಂಡ್‌ನ ಚೆಸಪೀಕ್ ಕೊಲ್ಲಿಯ ಕಡೆ ಒಂದನ್ನೂ ಉಳಿಸಬಾರದು ಅಂತ ಹೊರಟವರು ಸಂಬಳದ ಸಿಬ್ಬಂದಿ ಇಟ್ಟುಕೊಂಡರು. ಕೊನೆಕೊನೆಗೆ ಹಿಕ್ಕೆಯ ವಾಸನೆ ಹಿಡಿಯುವ ನಾಯಿಗಳನ್ನು ಪಳಗಿಸಿ, ವರ್ಷಗಟ್ಟಲೆ ಏನೂ ಸಿಗದ ಜಾಗಗಳನ್ನು ಮತ್ತೆ ಮತ್ತೆ ಹುಡುಕಿದರು. 2022ರಲ್ಲಿ ಅಲ್ಲಿಯೂ ಕೊಯ್ಪು ಮುಗಿಯಿತು ಅಂತ ಘೋಷಣೆಯಾಯಿತು. ಲೂಯಿಸಿಯಾನದಲ್ಲಿ ಬಾಲಕ್ಕೆ ದುಡ್ಡು ಕೊಡೋದು ನಡೆದೇ ಇದೆ.